ಹನ್ನೊಂದನೇ ತಿರುವಿನ ಚಪ್ಪಲಿ

ನಮ್ಮ ಅತ್ತಿಗೆಯ ಗ್ಯಾರೇಜಿಗೆ ಮೊದಲ ಸಲ ಬಂದವರು ಒಂದು ಸಣ್ಣ ಗಾಬರಿಯನ್ನು ದಾಟಿಯೇ ಒಳಗೆ ಬರಬೇಕು. ಕಾರಿನ ಬಾನೆಟ್ ಎತ್ತುವ ಮೊದಲು ಅತ್ತಿಗೆ ಕೈ ಚಾಚಿ, "ಬಲಗಾಲಿನ ಚಪ್ಪಲಿ ಕೊಡಿ" ಎನ್ನುತ್ತಾರೆ. ಬ್ಯಾಂಕಿನ ಮ್ಯಾನೇಜರರೊಬ್ಬರು ಎರಡು ಹೆಜ್ಜೆ ಹಿಂದೆ ಸರಿದು, "ನಾನೇನಮ್ಮಾ ಮಾಡಿದೆ?" ಎಂದು ಕೇಳಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅತ್ತಿಗೆ ಆ ಚಪ್ಪಲಿಯನ್ನು ಬಾಗಿಲ ಬೆಳಕಿಗೆ ಹಿಡಿದು, ಅಡಿಭಾಗದ ಮೇಲೆ ಹಿಮ್ಮಡಿಯಿಂದ ಬೆರಳಿನ ತನಕ ಹೆಬ್ಬೆರಳು ಆಡಿಸುತ್ತಾರೆ. ಹಿಮ್ಮಡಿ ಸವೆದಿದ್ದರೆ ಆ ಚಪ್ಪಲಿಯವರು ಕಾಲು ಊರಿ ಮೆತ್ತಗೆ ಒತ್ತುವವರು. ಮುಂಭಾಗ ಸವೆದಿದ್ದರೆ ಆಕ್ಸಿಲರೇಟರನ್ನು ನೆಲಕ್ಕೆ ತುಳಿಯುವವರು. ಒಂದೇ ಪಕ್ಕ ಸವೆದಿದ್ದರೆ ಬ್ರೇಕಿಗೂ ಆಕ್ಸಿಲರೇಟರಿಗೂ ನಡುವೆ ಮನಸ್ಸು ಗಟ್ಟಿಯಿಲ್ಲದವರು. "ಎಂಜಿನ್ ಸುಳ್ಳು ಹೇಳುತ್ತೆ. ಓನರ್ ಅದಕ್ಕಿಂತ ದೊಡ್ಡ ಸುಳ್ಳು ಹೇಳ್ತಾನೆ. ಚಪ್ಪಲಿಗೆ ಪಾಪ, ಸುಳ್ಳು ಹೇಳೋಕೆ ಬರಲ್ಲ" ಎನ್ನುವುದು ಅವರ ಮಾತು. ಎಂಜಿನ್ ಎಷ್ಟು ಒಳ್ಳೆಯದಾದರೇನು, ಒತ್ತುವ ಕಾಲಿಗೆ ಅದು ಹೊಂದದಿದ್ದರೆ ದಂಡ ಎಂದು ನಂಬಿದವರು ಅವರು.

ನಾನು ಅವರ ಮೈದುನ. ಮುಂದಿನ ಶೆಡ್ಡು ಅವರದು, ಹಿಂದಿನ ಕೋಣೆಯಲ್ಲಿ ನನ್ನ ಲೇತ್ ಮಷೀನು. ನಡುವೆ ಬಾಗಿಲಿಲ್ಲದ ಒಂದು ಚೌಕಟ್ಟು. ಅದರ ಮೂಲಕ ಬೈಗುಳವೂ ಬಿಡಿಭಾಗಗಳೂ ಇಪ್ಪತ್ತಾರು ವರ್ಷದಿಂದ ಓಡಾಡುತ್ತಿವೆ. ಹೊಗಳುವುದು ನನ್ನ ಜಾಯಮಾನವಲ್ಲ. ಯಾರಾದರೂ ಚೆನ್ನಾಗಿ ಕೆಲಸ ಮಾಡಿದರೆ ನನಗೆ ಮೊದಲು ಹೊಟ್ಟೆ ಉರಿಯುತ್ತದೆ, ಆಮೇಲೆ ಖುಷಿಯಾಗುತ್ತದೆ. ಅತ್ತಿಗೆಯ ವಿಷಯದಲ್ಲಿ ಮಾತ್ರ ಆ ಉರಿ ಎಂದೋ ಆರಿ, ಬರೀ ಜಂಭ ಉಳಿದಿದೆ. ಅವರ ಕುರಿತು ಹೇಳುವಾಗ ನನ್ನ ಎದೆ ಒಂದಿಂಚು ಉಬ್ಬುತ್ತದೆಂದು ನನ್ನ ಹೆಂಡತಿ ಅಳೆದು ಹೇಳಿದ್ದಾಳೆ.

ಅಣ್ಣ ಅಂಚೆ ಕಚೇರಿಯಲ್ಲಿದ್ದು ನಿವೃತ್ತನಾದವನು. ಅವನಿಗೆ ಸ್ಪ್ಯಾನರ್ ಹಿಡಿಯಲು ಕೊಟ್ಟರೆ ಅದರಿಂದ ಬೆನ್ನು ಕೆರೆದುಕೊಳ್ಳುತ್ತಾನೆ. ಎಂಜಿನ್ ವಿದ್ಯೆ ಅತ್ತಿಗೆಗೆ ಬಂದದ್ದು ತವರಿನಿಂದ. ಅವರ ಅಪ್ಪನನ್ನು ಊರೆಲ್ಲ ದೊಡ್ಡ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಗಂಡುಮಕ್ಕಳಿಬ್ಬರೂ ಗ್ರೀಸಿನ ವಾಸನೆಗೆ ಮೂಗು ಮುರಿದು ಬೇರೆ ದಾರಿ ಹಿಡಿದಾಗ, ಅಂಗಡಿಯ ಬೀಗದ ಕೈಯನ್ನು ಮಗಳ ಕೈಗಿಟ್ಟವರು ಅವರು. ಮದುವೆಯಾಗಿ ಬರುವಾಗ ಅತ್ತಿಗೆ ಒಂದು ಪೆಟ್ಟಿಗೆ ಬಟ್ಟೆಯನ್ನೂ ಎರಡು ಪೆಟ್ಟಿಗೆ ಸಾಮಾನನ್ನೂ ತಂದರು. ನಮ್ಮ ಅಮ್ಮ ಆ ಎರಡು ಪೆಟ್ಟಿಗೆಗಳಲ್ಲಿ ಪಾತ್ರೆಗಳಿವೆಯೆಂದು ಸಂಭ್ರಮದಿಂದ ತೆರೆದು ನೋಡಿ, ಅರ್ಧ ದಿನ ಮಾತಾಡಲಿಲ್ಲ.

ಮೊದಲನೆಯದರಲ್ಲಿ ಅಪ್ಪನ ಸ್ಪ್ಯಾನರುಗಳು. ಎರಡನೇ ಪೆಟ್ಟಿಗೆಯಲ್ಲಿದ್ದದ್ದು ದೊಡ್ಡ ಮೇಸ್ತ್ರಿ ತಮ್ಮ ಕೈಯಾರೆ ಮತ್ತೆ ಕಟ್ಟಿದ, ಎಂಜಿನ್ನಿಗೆ ಗಾಳಿ ತುಂಬುವ ಒಂದು ಸೂಪರ್‌ಚಾರ್ಜರ್. ಅದನ್ನು ಅತ್ತಿಗೆ ಶೆಡ್ಡಿನ ಎತ್ತರದ ಹಲಗೆಯ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ವರ್ಷಕ್ಕೊಮ್ಮೆ ಇಳಿಸಿ, ಒಳಗಿನ ಎರಡು ರೋಟರುಗಳನ್ನು ಕೈಯಲ್ಲೇ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ಸುತ್ತಿ ಇಡುತ್ತಿದ್ದರು. ಯಾವ ಕಾರಿಗೂ ಹಾಕಿರಲಿಲ್ಲ. ಯಾಕೆಂದು ಕೇಳಿದರೆ, "ಸರಿಯಾದ ಗಾಡಿ ಬರಲಿ" ಎಂದು ಮಾತು ಮುಗಿಸುತ್ತಿದ್ದರು.

ಆ ಗಾಡಿ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಹಳೆಯ, ಹಿಂದೆ ಉದ್ದ ಡಿಕ್ಕಿಯಿರುವ ಪೆಟ್ರೋಲ್ ಕಾರು. ಅದರಿಂದ ಇಳಿದದ್ದು ಬೆಟ್ಟದ ಮೇಲಿನ ಆರೋಗ್ಯ ಕೇಂದ್ರದ ನರ್ಸು. ಐವತ್ತು ದಾಟಿದ, ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ನಮ್ಮ ಪೇಟೆಯ ತುದಿಯಿಂದ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಹದಿನಾರು ತಿರುವುಗಳಿವೆ. ಹದಿನಾರನೆಯದು ಮುಗಿದ ಮೇಲೆ ಮನೆಗಳು, ಅವುಗಳ ನಡುವೆ ಎರಡು ಕೋಣೆಯ ಆ ಕೇಂದ್ರ. ಹತ್ತೊಂಬತ್ತು ವರ್ಷದಿಂದ ಅಲ್ಲಿಯ ಹೆರಿಗೆ, ಜ್ವರ, ಗಾಯ ಎಲ್ಲಕ್ಕೂ ಆಕೆಯೊಬ್ಬರೇ.

"ಮೇಸ್ತ್ರಿಯಮ್ಮ, ಇನ್ನು ಹನ್ನೆರಡು ದಿನಕ್ಕೆ ಮೇಲಧಿಕಾರಿ ಬರ್ತಾರೆ" ಎಂದರು ನರ್ಸು. "ಹೊಸ ಆದೇಶ ಬಂದಿದೆ. ಗಾಡಿ ತಲುಪದ ಕೇಂದ್ರ ಎಲ್ಲ ಮುಚ್ತಾರಂತೆ. ಅವರು ನನ್ನ ಕಾರಲ್ಲೇ ಕೂತು ಮೇಲಕ್ಕೆ ಬಂದು ನೋಡ್ತಾರೆ."

"ಈಗ ಹತ್ತುತ್ತಾ ಗಾಡಿ?" ಎಂದು ಅತ್ತಿಗೆ ಕೇಳಿದರು.

ನರ್ಸು ಕಾರಿನ ಕಡೆ ನೋಡಿದರು. "ಹತ್ತುತ್ತೆ. ಸ್ವಲ್ಪ ಏದುಸಿರು ಬಿಡುತ್ತೆ."

"ಹತ್ತದಿದ್ರೆ?"

"ನನ್ನನ್ನ ಕೆಳಗಿನ ಆಸ್ಪತ್ರೆಗೆ ಹಾಕ್ತಾರೆ. ನನಗೇನೂ ನಷ್ಟ ಇಲ್ಲಮ್ಮ. ಆದ್ರೆ ಮೇಲೆ ಇರೋರಿಗೆ ಯಾರೂ ಇರಲ್ಲ."

ಎಂಜಿನ್ನಿನಲ್ಲಿ ದೋಷವಿರಲಿಲ್ಲ, ಹಳತಾಗಿ ಬಲ ತುಸು ಕುಂದಿತ್ತು ಅಷ್ಟೇ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನಿಗೆ ಉಸಿರು ಸಾಲುವುದಿಲ್ಲ. ಹೊರಗಿನಿಂದ ಗಾಳಿಯನ್ನು ಒತ್ತಿ ತುಂಬಬೇಕು. ಅದಕ್ಕೆ ಎರಡು ದಾರಿ. ಸೈಲೆನ್ಸರಿನ ಕಡೆಗೆ ಓಡುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಗಾಳಿ ತುಂಬುವುದು ಟರ್ಬೋ. ವ್ಯರ್ಥವಾಗಿ ಹೋಗುವ ಹೊಗೆಯೇ ದುಡಿಯುವುದರಿಂದ ಎಂಜಿನ್ನಿಗೆ ಹೊರೆ ಕಡಿಮೆ. ಆದರೆ ಹೊಗೆ ಜೋರಾಗುವ ತನಕ ಕಾಯಬೇಕು. ಎಂಜಿನ್ನಿನಿಂದಲೇ ಬೆಲ್ಟ್ ಎಳೆದು ತಿರುಗಿಸುವುದು ಸೂಪರ್‌ಚಾರ್ಜರ್. ಅದು ಎಂಜಿನ್ನಿನ ಶಕ್ತಿಯಲ್ಲಿ ಒಂದಿಷ್ಟು ತಾನೇ ತಿನ್ನುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಆದರೆ ಕಾಲಿಟ್ಟ ಕ್ಷಣವೇ ಬಲ ಕೊಡುತ್ತದೆ.

ಟರ್ಬೋ ಹಾಕಿ ಎಂದು ತಲೆ ತಿಂದವನು ನಾನೇ. ಒಂದು ಒಳ್ಳೆಯ ಟರ್ಬೋ ನನ್ನ ಕಣ್ಣಿಗೆ ಬಿದ್ದಿತ್ತು. "ಅತ್ತಿಗೆ, ಪುಕ್ಕಟೆ ಹೊಗೆ ಬಿಟ್ಟು ಬೆಲ್ಟಿಗೆ ಯಾಕೆ ಗಂಟು ಬೀಳ್ತೀರಾ? ಅದು ನಿಮ್ಮಪ್ಪನ ಕಾಲದ್ದು" ಎಂದೆ. ಅವರು ನನ್ನ ಮಾತಿಗೆ ಕಿವಿಗೊಡದೆ ನರ್ಸಿನ ಕಡೆಗೆ ಕೈ ಚಾಚಿದರು. ನರ್ಸು ಬಲಗಾಲಿನ ಚಪ್ಪಲಿ ಬಿಚ್ಚಿ ಕೊಟ್ಟರು.

ಅದನ್ನು ಬೆಳಕಿಗೆ ಹಿಡಿದ ಅತ್ತಿಗೆಯ ಹುಬ್ಬು ಮೇಲೇರಿತು. ಹಿಮ್ಮಡಿ ಹೊಸದರಂತಿತ್ತು. ಮುಂಭಾಗ ಮಾತ್ರ ಸವೆದು ಕಾಗದವಾಗಿತ್ತು. ಹೆಬ್ಬೆರಳಿನ ಕೆಳಗೆ ಇನ್ನೇನು ತೂತು ಬೀಳುವುದರಲ್ಲಿತ್ತು. "ಅಬ್ಬಾ! ನೋಡೋಕೆ ಸಾಧು, ತುಳಿಯೋದು ಮಾತ್ರ ರೇಸಿನವರ ಹಾಗೆ" ಎಂದು ನಕ್ಕರು. ಅಷ್ಟು ಜೋರಾಗಿ ತುಳಿಯುವವರ ಎಂಜಿನ್ ಸದಾ ಗರ್ಜಿಸುತ್ತಿರುತ್ತದೆ, ಹೊಗೆಗೆ ಕಾಯುವ ಪ್ರಶ್ನೆಯೇ ಇಲ್ಲ. "ನೀನು ಹೇಳಿದ್ದೇ ಸರಿ ಕಣಪ್ಪಾ. ಟರ್ಬೋನೇ ಹಾಕೋಣ." ನಾನು ಆ ದಿನವೆಲ್ಲ ನೆಲ ಕಾಣದೆ ನಡೆದೆ.

ಐದು ದಿನ ಕೆಲಸ ನಡೆಯಿತು. ಕಾರು ಇಲ್ಲದೆ ನರ್ಸು ಬೆಟ್ಟದ ನಡುವಿನ ತನಕ ಹೋಗುವ ಹಾಲಿನ ಗಾಡಿ ಹಿಡಿದು ಹೋಗಿ ಬಂದು ಮಾಡುತ್ತಿದ್ದರು. ಟರ್ಬೋ ಕೂರಲು ಬೇಕಾದ ದಪ್ಪ ಉಕ್ಕಿನ ತಟ್ಟೆಯನ್ನು ನಾನು ಲೇತಿನಲ್ಲಿ ಕಡೆದು ಕೊಟ್ಟೆ. ಆರನೇ ದಿನ ಅತ್ತಿಗೆ ತಾವೇ ಪೇಟೆಯ ರಸ್ತೆಯಲ್ಲಿ ಓಡಿಸಿ ನೋಡಿದರು. ಕಾರು ಬಾಣದಂತೆ ಹೋಯಿತು. ಮರುದಿನ ಬೆಳಿಗ್ಗೆ ನರ್ಸಿನ ಕೈಗೆ ಸ್ಟಿಯರಿಂಗ್ ಕೊಟ್ಟು, ಅತ್ತಿಗೆ ಪಕ್ಕದಲ್ಲಿ ಕೂತು, ನಾನು ಹಿಂದೆ ಕೂತು ಬೆಟ್ಟಕ್ಕೆ ಹೊರಟೆವು.

ಒಂಬತ್ತನೇ ತಿರುವಿನ ತನಕ ನಾನು ಹಾಡು ಗುನುಗುತ್ತಿದ್ದೆ. ಹತ್ತನೆಯದರಲ್ಲಿ ಬಾಯಿ ಮುಚ್ಚಿದೆ. ಕಡಿದಾದ ತಿರುವಿನಲ್ಲಿ ನರ್ಸು ನಿಧಾನ ಮಾಡಿದರು, ಎಂಜಿನ್ ಕುಗ್ಗಿತು, ಟರ್ಬೋ ನಿದ್ದೆ ಹೋಯಿತು. ಆಕೆ ತುಸುವೇ ಒತ್ತಿದರು, ಏನೂ ಆಗಲಿಲ್ಲ. ಇನ್ನಷ್ಟು ಒತ್ತಿದರು, ಒಮ್ಮೆಲೇ ಟರ್ಬೋ ಎಚ್ಚೆತ್ತು ಕಾರು ಮುಂದಕ್ಕೆ ಎಗರಿತು. ಆಕೆ ಬೆಚ್ಚಿ ಕಾಲು ತೆಗೆದರು. ಹನ್ನೊಂದನೇ ತಿರುವಿನ ಬಾಯಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತೇಹೋಯಿತು. ನಾನು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ.

ಅತ್ತಿಗೆ ಪೆಡಲುಗಳ ಕಡೆ ನೋಡುತ್ತಿದ್ದರು. ನಾನೂ ಬಗ್ಗಿ ನೋಡಿದೆ. ನರ್ಸಿನ ಕಾಲು ಬರಿಗಾಲು. ಚಪ್ಪಲಿ ಸೀಟಿನ ಕೆಳಗಿತ್ತು.

"ಸಿಸ್ಟರ್, ನೀವು ಚಪ್ಪಲಿ ಬಿಟ್ಟು ಓಡಿಸ್ತೀರಾ?" ಎಂದು ಅತ್ತಿಗೆ ಕೇಳಿದರು.

"ಯಾವಾಗ್ಲೂ ಅಷ್ಟೇ. ಚಪ್ಪಲಿ ಇದ್ರೆ ಪೆಡಲ್ ಗೊತ್ತಾಗಲ್ಲ. ಹಿಂದೆ ಲಸಿಕೆ ಬಾಟಲಿ ಇರುತ್ತೆ, ಒಂದೊಂದು ಸಲ ದಿನ ತುಂಬಿದೋರು ಮಲಗಿರ್ತಾರೆ. ಕುಲುಕಬಾರದಲ್ವಾ, ಮೆತ್ತಗೆ ಓಡಿಸ್ತೀನಿ."

"ಹಾಗಾದ್ರೆ ಆ ಚಪ್ಪಲಿ ಹೇಗೆ ಹಾಗೆ ಸವೀತು?"

ನರ್ಸು ಸ್ಟಿಯರಿಂಗಿನಿಂದ ಕೈ ತೆಗೆದರು. ಆಮೇಲೆ ಬಾಯಿ ಬಿಟ್ಟರು. ನಾಲ್ಕು ವರ್ಷದಿಂದ ಕಾರು ಈ ತಿರುವನ್ನು ದಾಟಿಯೇ ಇರಲಿಲ್ಲ. ದಿನವೂ ಇಲ್ಲಿ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು, ಔಷಧದ ಚೀಲ ಬೆನ್ನಿಗೆ ಹಾಕಿಕೊಂಡು, ಉಳಿದ ಐದು ತಿರುವನ್ನು ನಡೆದೇ ಹತ್ತುತ್ತಿದ್ದರು. ಮುಕ್ಕಾಲು ಗಂಟೆಯ ಏರು. ಇಲ್ಲಿಂದ ಕೆಳಗೆ ಕರೆದೊಯ್ಯಬೇಕಾದವರನ್ನು ಮೇಲಿನವರು ಹೊತ್ತು ತರುತ್ತಿದ್ದರು. ಗಾಡಿ ತಲುಪುವುದಿಲ್ಲವೆಂದು ತಿಳಿದರೆ ಕೇಂದ್ರ ಮುಚ್ಚುತ್ತಾರೆಂದು ಯಾರೂ ಹೊರಗೆ ಬಾಯಿ ಬಿಟ್ಟಿರಲಿಲ್ಲ. "ನಿಮ್ಮ ಹತ್ರಾನೂ ಸುಳ್ಳು ಹೇಳಿದೆ. ತಪ್ಪಾಯ್ತು ಮೇಸ್ತ್ರಿಯಮ್ಮ" ಎಂದು ಆಕೆ ತಲೆ ತಗ್ಗಿಸಿದರು.

ಅತ್ತಿಗೆ ಕಾರಿನಿಂದಿಳಿದು ರಸ್ತೆ ಪಕ್ಕದ ತಡೆಗಲ್ಲಿನ ಮೇಲೆ ಕೂತರು. ಕೈಯಲ್ಲಿ ಆ ಚಪ್ಪಲಿ. ಏರುವಾಗ ಮುಂಗಾಲಿನ ಮೇಲೆ ಭಾರ ಬೀಳುತ್ತದೆ, ಮುಂಭಾಗವೇ ಸವೆಯುತ್ತದೆ. ಅದು ಪೆಡಲನ್ನು ಒಂದು ದಿನವೂ ಮುಟ್ಟದ ಚಪ್ಪಲಿ.

"ಚಪ್ಪಲಿ ಸುಳ್ಳು ಹೇಳಲಿಲ್ಲ" ಎಂದರು ಅತ್ತಿಗೆ. "ನಾನೇ ತಪ್ಪು ಪ್ರಶ್ನೆ ಕೇಳಿದೆ."

ಟರ್ಬೋ ಹಾಕಿ ಎಂದು ಕುಣಿದವನು ನಾನು. ಅವರು ಒಂದು ಬೆರಳು ನನ್ನ ಕಡೆ ತೋರಿಸಬಹುದಿತ್ತು. ತೋರಿಸಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಏನಾದರೂ ಹೇಳಬೇಕೆಂದು, "ಇನ್ನೂ ಐದು ದಿನ ಇದೆ ಅತ್ತಿಗೆ. ಸಿಸ್ಟರಿಗೆ ಜೋರಾಗಿ ತುಳಿಯೋದು ಕಲಿಸಿಬಿಡೋಣ" ಎಂದೆ.

ಅತ್ತಿಗೆಯ ಕಣ್ಣು ಕೆಂಪಾಯಿತು. "ಹತ್ತೊಂಬತ್ತು ವರ್ಷ ಬಸುರಿಯರನ್ನ ಕುಲುಕದೆ ಇಳಿಸಿರೋ ಕಾಲು ಅದು. ಅದನ್ನ ತಿದ್ದೋಕೆ ನಾವ್ಯಾರೋ? ಎಂಜಿನ್ ತಿದ್ದೋಣ, ನಡಿ."

ಗ್ಯಾರೇಜಿಗೆ ಬಂದವರೇ ಏಣಿ ಹಾಕಿ ಹಲಗೆಯ ಮೇಲಿನ ಗಂಟನ್ನು ಇಳಿಸಿದರು. ಹತ್ತಿ ಬಟ್ಟೆ ಬಿಚ್ಚುತ್ತ, ನನ್ನ ಮುಖ ನೋಡದೆ ಹೇಳಿದರು: "ಇದನ್ನ ಹಾಕಿದ್ರೆ ಕೆಲಸ ಅಪ್ಪಂದೇ ಆಗುತ್ತೆ, ಜನ ಅಪ್ಪನ ಹೆಸರೇ ಹೇಳ್ತಾರೆ, ಅದು ಬೇಡ ಅಂತ ನನಗೊಂದು ಜಂಭ ಇತ್ತು ಕಣಪ್ಪಾ. ಆ ಚಪ್ಪಲಿ ನೋಡಿದಾಗ ಒಳಗೊಳಗೇ ಖುಷಿ ಆಯ್ತು, ಇದನ್ನ ಇಳಿಸೋದು ತಪ್ಪಿತಲ್ಲ ಅಂತ. ಅದಕ್ಕೇ ಎರಡನೇ ಸಲ ನೋಡಲಿಲ್ಲ."

ಮಧ್ಯಾಹ್ನ ಊಟದ ಕ್ಯಾರಿಯರ್ ತಂದ ಅಣ್ಣನಿಗೆ ವಿಷಯ ತಿಳಿಯಿತು. "ನೀನು ತಪ್ಪು ಮಾಡಿದ್ದು ಇದೇ ಮೊದಲನೇ ಸಲ ನೋಡ್ತಿದ್ದೀನಿ" ಎಂದ. "ಮೊದಲನೇದೆಲ್ಲಿ ಬಂತು ಬಿಡ್ರಿ, ನಿಮ್ಮನ್ನ ಮದುವೆ ಆಗಿದ್ದು ಮರೆತ್ರಾ?" ಎಂದರು ಅತ್ತಿಗೆ. ಅಣ್ಣ ಹಲ್ಲು ಕಿರಿದು, ಟರ್ಬೋ ಬಿಚ್ಚಿ ತೆಗೆಯುವಾಗ ಟಾರ್ಚ್ ಹಿಡಿದು ನಿಂತ. ಅರ್ಧ ಹೊತ್ತು ಬೆಳಕು ಗೋಡೆಯ ಮೇಲೇ ಬೀಳುತ್ತಿತ್ತು, ಆದರೂ ಅತ್ತಿಗೆ ಅವನನ್ನು ಕಳಿಸಲಿಲ್ಲ.

ಸೂಪರ್‌ಚಾರ್ಜರಿನ ಜೀವ ಅದರ ಪುಲ್ಲಿಯಲ್ಲಿದೆ, ಅಂದರೆ ಬೆಲ್ಟ್ ಸುತ್ತುವ ಗಾಲಿಯಲ್ಲಿ. ಗಾಲಿ ಚಿಕ್ಕದಾದಷ್ಟೂ ಅದು ವೇಗವಾಗಿ ತಿರುಗುತ್ತದೆ, ಗಾಳಿ ಹೆಚ್ಚು ತುಂಬುತ್ತದೆ. ದೊಡ್ಡ ಮೇಸ್ತ್ರಿ ಸಮತಟ್ಟಿನ ಊರಿಗೆಂದು ಮಾಡಿಟ್ಟಿದ್ದ ಗಾಲಿ ಇಲ್ಲಿಗೆ ದೊಡ್ಡದಾಯಿತು. ಹೊಸದನ್ನು ನಾನು ಕಡೆಯಬೇಕಾಯಿತು. ಮೊದಲು ಹೇಳಿದ ಅಳತೆಗೆ ಕಡೆದು ಕೊಟ್ಟೆ. ಅತ್ತಿಗೆ ಅಳೆಯುವ ವರ್ನಿಯರ್ ಹಚ್ಚಿ ನೋಡಿ, ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕಿ, "ಇನ್ನೂ ಎರಡು ಮಿಲಿ ತೆಗಿ" ಎಂದರು.

"ಅತ್ತಿಗೆ, ಗ್ಯಾಸ್ಕೆಟ್ ಹಾರಿಹೋಗುತ್ತೆ! ಇಷ್ಟು ಗಾಳಿ ಈ ಎಂಜಿನ್ ತಡೆಯಲ್ಲ."

"ಇಲ್ಲಿ ತಡೆಯಲ್ಲ, ಸರಿ. ಮೇಲೆ ಗಾಳಿ ತೆಳು, ಅಲ್ಲಿ ಇದು ಹೆಚ್ಚಾಗಲ್ಲ."

"ಕೆಳಗೆ ಪೇಟೆಯಲ್ಲಿ ಯಾರಾದ್ರೂ ಜೋರಾಗಿ ತುಳಿದ್ರೆ?"

"ಯಾರು ತುಳೀತಾರೆ? ಇದನ್ನ ಓಡಿಸೋದು ಆ ಕಾಲು. ಬೇರೆ ಯಾರಿಗಾದ್ರೂ ಆಗಿದ್ರೆ ನಾನೇ ಬೇಡ ಅಂತಿದ್ದೆ."

ಅದು ದೊಡ್ಡ ಮೇಸ್ತ್ರಿಯ ಲೆಕ್ಕವಲ್ಲ, ಯಾವ ಪುಸ್ತಕದ ಲೆಕ್ಕವೂ ಅಲ್ಲ. ಒಂದು ಬೆಟ್ಟಕ್ಕೆ, ಒಂದು ಬರಿಗಾಲಿಗೆ ಮಾತ್ರ ಸರಿಹೊಂದುವ ಅಳತೆ. ಎರಡು ಮಿಲಿ ತೆಗೆದೆ. ಆ ಗಾಲಿಯ ಒಳಮೈ ಮೇಲೆ ಯಾರಿಗೂ ಕಾಣದ ಕಡೆ ಸೂಜಿಯಿಂದ ಅತ್ತಿಗೆಯ ಹೆಸರು ಕೊರೆದೆ. ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಕೆಲಸ ಮುಗಿದದ್ದು ಹನ್ನೊಂದನೇ ದಿನದ ರಾತ್ರಿ, ಬೆಟ್ಟ ಹತ್ತಿಸಿ ನೋಡಲು ಹೊತ್ತು ಉಳಿಯಲಿಲ್ಲ. ಮೇಲಧಿಕಾರಿ ಬಂದ ದಿನ ಕಾರಿನ ತುಂಬ ಭಾರ. ಮುಂದೆ ನರ್ಸು, ಪಕ್ಕದಲ್ಲಿ ಅಧಿಕಾರಿ. ಹಿಂದೆ ಅತ್ತಿಗೆ, ನಾನು. ಡಿಕ್ಕಿಯಲ್ಲಿ ಔಷಧದ ಪೆಟ್ಟಿಗೆಗಳು. "ಇವರು ಯಾಕೆ?" ಎಂದು ಅಧಿಕಾರಿ ನನ್ನನ್ನು ನೋಡಿ ಕೇಳಿದರು. "ತೂಕಕ್ಕೆ ಸಾರ್. ಇವನನ್ನ ಹೊತ್ತು ಹತ್ತಿದ್ರೆ ಯಾರನ್ನ ಬೇಕಾದ್ರೂ ಹೊರುತ್ತೆ" ಎಂದರು ಅತ್ತಿಗೆ. ನನ್ನ ಹೊಟ್ಟೆಗೆ ಮೊದಲ ಸಲ ಸರ್ಕಾರಿ ಕೆಲಸ ಸಿಕ್ಕಿತು.

ಅಧಿಕಾರಿ ಕೆಟ್ಟವರೇನಲ್ಲ. ಮಡಿಲಲ್ಲಿ ಒಂದು ಹಾಳೆ, ಅದರಲ್ಲಿ ಒಂದೇ ಪ್ರಶ್ನೆ: ವಾಹನ ತಲುಪುತ್ತದೆಯೇ, ಇಲ್ಲವೇ. ತಿರುವು ಒಂದೊಂದೇ ಹಿಂದೆ ಸರಿಯಿತು. ಬೆಲ್ಟಿನ ಸಣ್ಣ ಸಿಳ್ಳು ನಮ್ಮ ಜೊತೆಗೇ ಏರುತ್ತಿತ್ತು. ಒಂಬತ್ತು, ಹತ್ತು. ಅತ್ತಿಗೆಯ ಕೈ ನನ್ನ ಮೊಣಕೈಯನ್ನು ಹಿಡಿದದ್ದು ಅವರಿಗೇ ಅರಿವಿರಲಿಲ್ಲ.

ಹನ್ನೊಂದನೇ ತಿರುವಿನಲ್ಲಿ ಕಾರು ನಿಂತಿತು.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಆದರೆ ಎಂಜಿನ್ ಕೆಮ್ಮಿರಲಿಲ್ಲ, ಕುಗ್ಗಿರಲಿಲ್ಲ. ನರ್ಸೇ ಕಾರನ್ನು ಅಂಚಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಚಾವಿ ತಿರುಗಿಸಿ ಆರಿಸಿದ್ದರು. ಈಗ ಬಗ್ಗಿ ಸೀಟಿನ ಕೆಳಗಿನಿಂದ ಚಪ್ಪಲಿ ತೆಗೆದು ಕಾಲಿಗೆ ಹಾಕಿಕೊಳ್ಳುತ್ತಿದ್ದರು. ನಾಲ್ಕು ವರ್ಷದ ರೂಢಿ. ಮೈ ತಾನಾಗಿಯೇ ನಿಲ್ಲಿಸಿತ್ತು, ಇಳಿದು ನಡೆಯಲು ಹೊರಟಿತ್ತು. ಒಂದು ಚಪ್ಪಲಿ ಹಾಕಿಕೊಂಡ ಮೇಲೆ ಆಕೆಗೆ ಎಚ್ಚರವಾಯಿತು. ಮುಖ ಬಿಳಿಚಿಕೊಂಡಿತು.

"ಯಾಕೆ ನಿಂತಿರಿ?" ಎಂದರು ಅಧಿಕಾರಿ.

ಕಡಿದಾದ ಏರು, ಕಾರಿನ ತುಂಬ ಜನ, ನಿಂತ ಜಾಗದಿಂದ ಹೊರಡಬೇಕು. ಆ ರಸ್ತೆಯಲ್ಲಿ ಅದಕ್ಕಿಂತ ಕಷ್ಟದ ಜಾಗ ಮತ್ತೊಂದಿಲ್ಲ.

ಅತ್ತಿಗೆ ಮುಂದಕ್ಕೆ ಬಾಗಿ ಆಕೆಯ ಭುಜದ ಮೇಲೆ ಕೈಯಿಟ್ಟರು. "ಸಿಸ್ಟರ್, ಚಪ್ಪಲಿ ಬಿಡಿ. ಇನ್ನೂ ಐದು ತಿರುವಿದೆ. ಮೆತ್ತಗೆ, ನಿಮ್ಮ ಪಾಡಿಗೆ ನೀವು."

ಚಪ್ಪಲಿ ಕಾಲಿನಿಂದ ಜಾರಿತು. ಚಾವಿ ತಿರುಗಿತು. ಬರಿಗಾಲು ಪೆಡಲಿನ ಮೇಲೆ ಕೂತದ್ದೇ ತಡ, ಬೆಲ್ಟ್ ಸಿಳ್ಳು ಹಾಕಿತು, ಕಾರು ಕಾಯಲಿಲ್ಲ, ಎಗರಲಿಲ್ಲ, ಹಿಂದಕ್ಕೆ ಒಂದಂಗುಲ ಜಾರಲಿಲ್ಲ. ಸುಮ್ಮನೆ ಹೊರಟಿತು. ಡಿಕ್ಕಿಯಲ್ಲಿ ಒಂದು ಬಾಟಲಿಯೂ ಸದ್ದು ಮಾಡಲಿಲ್ಲ. ಹನ್ನೆರಡು, ಹದಿಮೂರು. ಹದಿನಾಲ್ಕನೆಯದರಲ್ಲಿ ನರ್ಸು ಅಳುತ್ತಿರುವುದು ಕನ್ನಡಿಯಲ್ಲಿ ಕಂಡಿತು. ಕಾಲು ಮಾತ್ರ ಅಲುಗಲಿಲ್ಲ.

ಹದಿನಾರು ದಾಟಿದಾಗ ಮನೆಗಳ ಬಾಗಿಲಲ್ಲಿ ಜನ. ಅವರು ನೋಡಿದ್ದು ಅಧಿಕಾರಿಯನ್ನಲ್ಲ, ಕಾರನ್ನು. ಒಬ್ಬ ಅಜ್ಜಿ ಬಂದು ಬಾನೆಟ್ ಮುಟ್ಟಿ ನೋಡಿ, ಬಿಸಿಗೆ ಕೈ ಹಿಂದೆಗೆದು ನಕ್ಕಳು. ಅಧಿಕಾರಿ ಹಾಳೆಯಲ್ಲಿ ಗುರುತು ಹಾಕಿ, ಅತ್ತಿಗೆಯ ಕಡೆ ತಿರುಗಿ, "ಕೆಲಸ ಯಾರದ್ದಮ್ಮಾ?" ಎಂದು ಕೇಳಿದರು.

ಅತ್ತಿಗೆ ಬಾನೆಟ್ಟಿನ ಕಡೆ ಕೈ ಮಾಡಿದರು. "ಮಷೀನು ನಮ್ಮಪ್ಪಂದು ಸಾರ್. ಗಾಲಿ ಕಡೆದವನು ಇವನು." ಆಮೇಲೆ ನನ್ನ ಅತ್ತಿಗೆ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಗಲ್ಲ ಮೇಲೆತ್ತಿ ಹೇಳಿದರು: "ಕೆಲಸ ನಂದು."

ಈಗ ಅತ್ತಿಗೆ ಚಪ್ಪಲಿ ಕೇಳುವ ಮೊದಲು, "ಇದನ್ನ ಹಾಕ್ಕೊಂಡೇ ಓಡಿಸ್ತೀರಾ?" ಎಂದು ಕೇಳುತ್ತಾರೆ. ಬಂದವರ ಗಾಬರಿ ಇನ್ನೂ ಹೆಚ್ಚಾಗಿದೆ. ಸವೆದು ಕಾಗದವಾಗಿದ್ದ ಆ ಬಲಗಾಲಿನ ಚಪ್ಪಲಿ, ದೊಡ್ಡ ಮೇಸ್ತ್ರಿಯ ಸ್ಪ್ಯಾನರಿನ ಪಕ್ಕದ ಮೊಳೆಗೆ ತೂಗುತ್ತಿದೆ. ಅದು ಯಾಕೆಂದು ಕೇಳಿದವರಿಗೆ ಅತ್ತಿಗೆ ಹೇಳುವುದಿಲ್ಲ. ನಾನು ಲೇತ್ ನಿಲ್ಲಿಸಿ ಬಂದು ಹೇಳುತ್ತೇನೆ. ಮೊನ್ನೆ ಎಣ್ಣೆ ಬದಲಿಸಲು ಬಂದ ನರ್ಸಿನ ಹೊಸ ಚಪ್ಪಲಿಯನ್ನು ಅತ್ತಿಗೆ ಕೇಳಿ ಇಸಕೊಂಡು ಬೆಳಕಿಗೆ ಹಿಡಿದರು. ಕೊಂಡು ಒಂದು ವರ್ಷವಾಗಿತ್ತಂತೆ. ಅಡಿಯಲ್ಲಿ, ಹೆಬ್ಬೆರಳಿನ ಜಾಗದ ಗೆರೆಗಳ ಅಚ್ಚು ಇನ್ನೂ ಅಳಿಸಿರಲಿಲ್ಲ.